ಬಿಪಿ ಮಾತ್ರೆಗೆ ಕಾರ್ಡ್ ನಡೆಯುವುದಿಲ್ಲ

ಕಾಪುವಿನ ಓದುಗರೊಬ್ಬರ ಪ್ರಶ್ನೆ: ಮಣಿಪಾಲದಿಂದ ಮಂಗಳೂರಿನವರೆಗೆ ದೊಡ್ಡ ಆಸ್ಪತ್ರೆಗಳಿವೆ. ಬಡವರಿಗೆ 5 ಲಕ್ಷದ ಆಯುಷ್ಮಾನ್ ಕಾರ್ಡೂ ಇದೆ. ಹಳ್ಳಿ ಆಸ್ಪತ್ರೆಗಳಿಗೆ ಸರ್ಕಾರ ಯಾಕೆ ದುಡ್ಡು ಸುರಿಯಬೇಕು?

ಸಂಪಾದಕರ ಉತ್ತರ: ನಿಮ್ಮ ಪತ್ರ ಬಂದ ದಿನವೇ ನಮ್ಮ ಮನೆಗೆ ಮೀನು ತರುವ ಅಕ್ಕ ಬುಟ್ಟಿ ಇಳಿಸಿ ಜಗಲಿಯಲ್ಲಿ ಕೂತುಬಿಟ್ಟರು. "ತಲೆ ತಿರುಗ್ತದೆ" ಎಂದರು. ಬಿಪಿ ಮಾತ್ರೆ ಮುಗಿದು ಎಂಟು ದಿನವಾಗಿತ್ತು. ಆಸ್ಪತ್ರೆಗೆ ಹೋದರೆ ಅರ್ಧ ದಿನದ ವ್ಯಾಪಾರ ಹೋಯಿತಲ್ಲ, ಅದಕ್ಕೇ ಹೋಗಿಲ್ಲ. ನೀವು ಹೇಳಿದ ಕಾರ್ಡ್ ಅವರ ಸೊಂಟದ ಚೀಲದಲ್ಲೇ ಇತ್ತು, ಪ್ಲಾಸ್ಟಿಕ್ ಸುತ್ತಿಕೊಂಡು.

ಆ ಕಾರ್ಡ್ ಇರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ತಿಂಗಳ ಮಾತ್ರೆಗೆ ನಡೆಯುವುದಿಲ್ಲ. ಲಕ್ವ ಹೊಡೆದ ಮೇಲೆ ಸರ್ಕಾರ ಬಿಲ್ ಕಟ್ಟುತ್ತದೆ, ಹೊಡೆಯದ ಹಾಗೆ ನೋಡಿಕೊಳ್ಳುವವರು ಯಾರು ಮಾರಾಯ್ರೇ?

ಮೊದಲು ಪೇಟೆಯ ಡಾಕ್ಟ್ರು ನೋಡಿಕೊಳ್ಳುತ್ತಿದ್ದರು. ನಮ್ಮ ಡಾಕ್ಟ್ರು ಬಾಗಿಲಲ್ಲೇ ನಡಿಗೆ ನೋಡಿ, "ಪುನಃ ಉಪ್ಪಿನಕಾಯಿಯಾ?" ಅಂತ ಗದರುತ್ತಿದ್ದರು. ಕಂಪೌಂಡರ್ ಕಾಗದದ ಪೊಟ್ಟಣದಲ್ಲಿ ಮಾತ್ರೆ ಕಟ್ಟಿಕೊಡುತ್ತಿದ್ದ. ಆ ಕೋಣೆ ಈಗ ಮೊಬೈಲ್ ಅಂಗಡಿ. ಮೆಡಿಕಲ್ ಕಾಲೇಜುಗಳಿಗೆ ನಮ್ಮಲ್ಲಿ ಬರಗಾಲವಿಲ್ಲ. ಆದರೆ ಎಂಬಿಬಿಎಸ್ ಮುಗಿಸಿ ಸುಮ್ನೆ ಊರಲ್ಲಿ ಕೂರುವವರು ಕಡಿಮೆ.

ಉಳಿದದ್ದು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿಎಚ್‌ಸಿ. ಬಯಲು ಪ್ರದೇಶದಲ್ಲಿ 30,000 ಜನಕ್ಕೊಂದು ಎಂಬುದು ನಿಯಮ. ಎಲ್ಲರೂ ವರ್ಷಕ್ಕೆ ಒಮ್ಮೆ ಮಾತ್ರ ಬಂದರೂ, 300 ದಿನ ತೆರೆದಿದ್ದರೆ, ದಿನಕ್ಕೆ 100 ಜನ. ಒಬ್ಬರೇ ಡಾಕ್ಟ್ರು ಆರು ಗಂಟೆ ಕೂತರೆ ತಲಾ ಮೂರೂವರೆ ನಿಮಿಷ ಸಿಗುತ್ತದೆ. ಉಪ್ಪಿನಕಾಯಿ ವಿಷಯ ಮಾತಾಡುವುದು ಯಾವಾಗ?

2017ರ ರಾಷ್ಟ್ರೀಯ ಆರೋಗ್ಯ ನೀತಿಗೆ ಇದೆಲ್ಲ ಗೊತ್ತಿತ್ತು. 2025ರೊಳಗೆ ಸರ್ಕಾರಗಳ ಆರೋಗ್ಯ ಖರ್ಚು ಜಿಡಿಪಿಯ ಶೇ. 2.5ಕ್ಕೆ ಏರಬೇಕು, ಅದರಲ್ಲಿ ಮೂರನೇ ಎರಡು ಪಾಲು ಪ್ರಾಥಮಿಕ ಆರೋಗ್ಯಕ್ಕೇ ಹೋಗಬೇಕು ಎಂದಿತ್ತು. ಆ ಗುರಿ ಮುಟ್ಟಲಿಲ್ಲ. 2025ರ ಜನವರಿಯಲ್ಲಿ, ಮನೆ ಮನೆಗೆ ಹೋಗಿ ಆರೋಗ್ಯ ವಿಚಾರಿಸುವ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದ್ದರು.

ನಿಮ್ಮ ಒಂದು ಮಾತು ಒಪ್ಪುತ್ತೇನೆ. ಕಟ್ಟಡಕ್ಕೆ ಸುರಿಯುವುದು ಜಾಸ್ತಿಯಾಗಿದೆ. ಉದ್ಘಾಟನೆಯ ಕಲ್ಲು ಹೊಳೆಯುತ್ತದೆ, ಒಳಗೆ ಲ್ಯಾಬ್ ಟೆಕ್ನಿಷಿಯನ್ ಇರುವುದಿಲ್ಲ. ನಾನು ಕೇಳುವುದು ಸಂಬಳಕ್ಕೆ, ಮಾತ್ರೆಗೆ, ಮನೆ ಬಾಗಿಲು ತಟ್ಟುವವರಿಗೆ.

ಅಂದ ಹಾಗೆ, ಅಕ್ಕನನ್ನು ಮರುದಿನ ಆರೋಗ್ಯ ಉಪಕೇಂದ್ರಕ್ಕೆ ಕರೆದುಕೊಂಡು ಹೋದದ್ದು ಅವರ ಓಣಿಯ ಆಶಾ. ಒಂದು ತಿಂಗಳ ಮಾತ್ರೆ ಸಿಕ್ಕಿತು. ಹತ್ತೂವರೆಗೆ ಬಂಗುಡೆ ಹಿಡಿದುಕೊಂಡು ನಮ್ಮ ಗೇಟಿನಲ್ಲಿದ್ದರು.