ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಬಿಡುವಿನ ಓದು ಉಳಿಯುತ್ತದೆಯೇ, ಮತ್ತು ಓದುವವರು ಎಂಥದ್ದನ್ನು ಕೊಳ್ಳಬೇಕು?

ನೀವು ಪದವಿಯ ಕೊನೆಯ ವರ್ಷದಲ್ಲಿದ್ದೀರಿ, ಪಠ್ಯದ ಹೊರಗೆ ಕಾದಂಬರಿಗಳನ್ನೂ ಹಳೆಯ ಕನ್ನಡ ಪುಸ್ತಕಗಳನ್ನೂ ಓದುವ ಅಭ್ಯಾಸ ನಿಮಗಿದೆ, ಮನೆಯವರು 50,000 ರೂಪಾಯಿಯೊಳಗೆ ಒಂದು ಕಂಪ್ಯೂಟರ್ ಕೊಡಿಸಲು ಒಪ್ಪಿದ್ದಾರೆ, ಆದರೆ ಅದು ಮನೆಗೆ ಬಂದ ಮೇಲೆ ಓದು ನಿಂತೇ ಹೋದೀತೇ ಎಂಬ ಅಂಜಿಕೆಯೂ ಯಾವುದನ್ನು ಆರಿಸಬೇಕೆಂಬ ಗೊಂದಲವೂ ಒಟ್ಟಿಗೇ ಕಾಡುತ್ತಿವೆ ಎಂದು ಬರೆದಿದ್ದೀರಿ. ನಾನು ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಯಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಮನೆ ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರ. ಇದೇ ಅಂಜಿಕೆ, ಇದೇ ಗೊಂದಲ ಇಟ್ಟುಕೊಂಡು ಕಳೆದ ಮಳೆಗಾಲದ ಆರಂಭದಲ್ಲಿ 48,000 ರೂಪಾಯಿ ಕೊಟ್ಟು ಒಂದು ಲ್ಯಾಪ್‌ಟಾಪ್ ಕೊಂಡೆ. ಆದ್ದರಿಂದ ನನ್ನ ಅನುಭವದಿಂದಲೇ ಉತ್ತರಿಸುತ್ತೇನೆ.

ಓದು ನಿಲ್ಲಲಿಲ್ಲ, ಎರಡು ಪಾಲಾಯಿತು. ಕಾದಂಬರಿ, ಸಣ್ಣಕತೆಗಳು ಕಾಗದದಲ್ಲೇ ಉಳಿದುಕೊಂಡವು. ಶನಿವಾರ ಮಧ್ಯಾಹ್ನ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಬಸ್ ಹತ್ತಿದರೆ ಸುಮಾರು ಒಂದೂವರೆ ಗಂಟೆಯ ದಾರಿ; ಮೊದಮೊದಲ ಉತ್ಸಾಹದಲ್ಲಿ ಎರಡು ಸಲ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆರೆದು ನೋಡಿದೆ. ಎಡಬದಿಯ ಸೀಟಿಗೆ ಪಡುವಣದ ಬಿಸಿಲು ನೇರವಾಗಿ ಬಿದ್ದು ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು, ಮೂಲ್ಕಿ ದಾಟುವಷ್ಟರಲ್ಲಿ ಡ್ರೈವರ್ ಹಾಕಿದ ಬ್ರೇಕಿಗೆ ಅದು ಮಡಿಲಿನಿಂದ ಜಾರಿ ಮುಂದಿನ ಸೀಟಿಗೆ ಬಡಿಯಿತು. ಅಲ್ಲಿಗೆ ಆ ಪ್ರಯೋಗ ಮುಗಿಯಿತು. ಈಗ ಬಸ್ಸಿಗೊಂದು ಪುಸ್ತಕ ಪ್ರತ್ಯೇಕವಾಗಿ ಚೀಲದಲ್ಲಿರುತ್ತದೆ. ಆದರೆ ಅಂಗಡಿಯಲ್ಲಿ ಸಿಗದ, ಗ್ರಂಥಾಲಯದವರು ಮನೆಗೆ ಕೊಡದ, ಮುಟ್ಟಿದರೆ ಪುಡಿಯಾಗುವ ಹಳೆಯ ಪುಸ್ತಕಗಳ ಓದು ಪೂರ್ತಿಯಾಗಿ ಕಂಪ್ಯೂಟರಿಗೆ ಹೋಯಿತು. ಮೊದಲು ನನಗೆ ಅಂಥ ಓದು ಇರಲೇ ಇಲ್ಲ ಎನ್ನಬೇಕು. ಹೀಗಾಗಿ ನೀವು ಕೊಳ್ಳುವ ಯಂತ್ರವನ್ನು ಆ ಎರಡನೆಯ ಪಾಲಿನ ದೃಷ್ಟಿಯಿಂದ ಆರಿಸಬೇಕೆಂಬುದು ನನ್ನ ಅಭಿಪ್ರಾಯ: ಕನ್ನಡದ ಒಂದು ಪುಟ ಅದರಲ್ಲಿ ಹೇಗೆ ಕಾಣುತ್ತದೆ ಎಂಬುದೇ ಮುಖ್ಯ, ಮಿಕ್ಕದ್ದೆಲ್ಲ ಆಮೇಲೆ.

ಮಂಗಳೂರಿನ ಹಂಪನಕಟ್ಟೆಯ ಬಳಿಯ ಒಂದು ಅಂಗಡಿಯಲ್ಲಿ ನನಗೆ ಮೊದಲು ತೋರಿಸಿದ್ದು 15.6 ಇಂಚಿನ, ಎರಡು ಕಿಲೋಗಿಂತ ಹೆಚ್ಚು ತೂಗುವ, ಕೀಲಿಮಣೆಯ ಅಡಿಯಿಂದ ಕೆಂಪು ಬೆಳಕು ಬೀರುವ ಯಂತ್ರವನ್ನು. ‘ವಿದ್ಯಾರ್ಥಿಗಳೆಲ್ಲ ಇದನ್ನೇ ತೆಗೆದುಕೊಂಡು ಹೋಗುವುದು’ ಎಂದರು. ಪುಸ್ತಕ ಓದಲಿಕ್ಕೆ ಎಂದು ನಾನು ಹೇಳಿದಾಗ, ಅದಕ್ಕೆ ಯಾವುದಾದರೂ ಆಗುತ್ತದೆ ಎಂದು ಇನ್ನೂ ಅಗ್ಗದ ಇನ್ನೊಂದನ್ನು ಮುಂದಿಟ್ಟರು, ಅದೂ 15.6 ಇಂಚಿನದೇ, ಆದರೆ ಪರದೆ 1366×768 ಪಿಕ್ಸೆಲಿನದು, ಅಂದರೆ ಚಿತ್ರ ಮೂಡಿಸುವ ಚುಕ್ಕೆಗಳು ಅಡ್ಡಕ್ಕೆ 1366, ಉದ್ದಕ್ಕೆ 768. ಈ ‘ಯಾವುದಾದರೂ ಆಗುತ್ತದೆ’ ಎಂಬ ಮಾತನ್ನು ನಂಬಬೇಡಿ. ಲೆಕ್ಕ ಹಾಕಿ ನೋಡಿ. 768 ಅಡ್ಡಸಾಲುಗಳಲ್ಲಿ ಮೇಲಿನ ಪಟ್ಟಿ, ಕೆಳಗಿನ ಪಟ್ಟಿಗಳಿಗೆ ಹೋಗಿ ಓದುವುದಕ್ಕೆ ಉಳಿಯುವುದು 620ರ ಆಸುಪಾಸು. 32 ಸಾಲುಗಳಿರುವ ಡೆಮಿ ಅಷ್ಟಪತ್ರದ (ಸಾಮಾನ್ಯ ಕನ್ನಡ ಪುಸ್ತಕದ ಅಳತೆಯ) ಪುಟವೊಂದನ್ನು ಅಲ್ಲಿ ಇಡಿಯಾಗಿ ತೋರಿಸಿದರೆ, ಅಂಚಿನ ಖಾಲಿ ಜಾಗ ಕಳೆದು, ಒಂದು ಸಾಲಿಗೆ ಸಿಗುವುದು ಹದಿನಾರೋ ಹದಿನೇಳೋ ಪಿಕ್ಸೆಲ್. ಅದೇ 14 ಇಂಚಿನ 1920×1200ರ ಪರದೆಯಲ್ಲಿ ಸಾಲಿಗೆ 28ರಷ್ಟು ಸಿಗುತ್ತವೆ.

ಇಂಗ್ಲಿಷ್ ಓದುವವನು ಹದಿನಾರರಲ್ಲಿ ಹೇಗೋ ನಿಭಾಯಿಸಿಯಾನು. ಕನ್ನಡದ ಸಾಲು ಮಹಡಿ ಮನೆಯ ಹಾಗೆ: ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು, ಕೆಲವೊಮ್ಮೆ ‘ಸ್ತ್ರೀ’ ಎಂಬಲ್ಲಿರುವಂತೆ ಒತ್ತಿನ ಜೊತೆಗೆ ಇನ್ನೊಂದು ಒತ್ತು. ದ, ಧ, ಥ ಈ ಮೂರನ್ನು ಬೇರ್ಪಡಿಸುವುದು ಹೊಟ್ಟೆಯ ಒಂದು ಸೀಳು ಮತ್ತು ಒಂದು ಚುಕ್ಕೆ. ಆ ಅಗ್ಗದ ಪರದೆಯಲ್ಲಿ ನನ್ನ ಪೆನ್‌ಡ್ರೈವಿನ ಪುಟವೊಂದನ್ನು ತೆರೆದಾಗ ಸೀಳೂ ಇರಲಿಲ್ಲ, ಚುಕ್ಕೆಯೂ ಇರಲಿಲ್ಲ. ಮೂರೂ ಒಂದೇ ಬೂದುಬಣ್ಣದ ಉಂಡೆಯಾಗಿದ್ದವು. ದೊಡ್ಡದು ಮಾಡಿ ಓದಬಹುದು, ನಿಜ. ಆದರೆ ಪುಟವನ್ನು ಮೇಲೆ ಕೆಳಗೆ ಎಳೆಯುತ್ತ ಓದುವ ಕೆಲಸ ಹತ್ತು ನಿಮಿಷಕ್ಕೇ ಬೇಸರ ತರುತ್ತದೆ. ಬಿಡುವಿನ ಓದಿಗೆ ಆ ಬೇಸರವೊಂದೇ ಸಾಕು.

ಪ್ರೊಸೆಸರಿನ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಈಗ ಹೊಸದಾಗಿ ಮಾರಾಟಕ್ಕಿರುವ ಸಾಧಾರಣ ಪ್ರೊಸೆಸರ್ ಯಾವುದಾದರೂ ಓದಿಗೆ ಸಾಕು. ಹಾರ್ಡ್‌ಡಿಸ್ಕಿನ ಬದಲು, ಅದಕ್ಕಿಂತ ಬೇಗ ಕೆಲಸ ಮಾಡುವ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಇರಲಿ. 8 ಜಿಬಿ ರ್‍ಯಾಮ್ ಓದಿಗೆ ಸಾಕು, ಪ್ರಾಜೆಕ್ಟಿನ ಕೆಲಸವೂ ಇದ್ದರೆ 16 ಒಳ್ಳೆಯದು; 8 ಕೊಳ್ಳುವುದಾದರೆ ಮುಂದೆ ಹೆಚ್ಚಿಸಲು ಬರುತ್ತದೆಯೇ ಎಂದು ಕೇಳಿಕೊಳ್ಳಿ, ಏಕೆಂದರೆ ಎಷ್ಟೋ ಮಾದರಿಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಹಳೆಯದನ್ನು ಅಗ್ಗಕ್ಕೆ ಕೊಳ್ಳುವ ಯೋಚನೆಯಿದ್ದರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದು ನೆನಪಿರಲಿ. ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಿಂದಿನ ಯಂತ್ರಗಳು ಸಾಮಾನ್ಯವಾಗಿ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಅಂಥದ್ದಕ್ಕೆ ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಂಡು ಓದಿನ ಯಂತ್ರವನ್ನಾಗಿ ಮಾಡಿಕೊಳ್ಳಬಹುದು, ಆದರೆ ಪರದೆಯ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಇನ್ನು ಹಳೆಯ ಪುಸ್ತಕಗಳ ವಿಷಯ. ಅಂತರಜಾಲದಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಪುಟಗಳ ಚಿತ್ರಗಳು. 1843ರ ಜುಲೈಯಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ ನಮ್ಮ ಮಂಗಳೂರಿನಿಂದ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ಕಲ್ಲಚ್ಚಿನದು; ಅದರಲ್ಲಿ ಅಚ್ಚಿನ ಮೊಳೆಗಳಿರಲಿಲ್ಲ, ಕೈಯಲ್ಲಿ ಬರೆದ ಪುಟವೇ ಕಲ್ಲಿನ ಮೂಲಕ ಕಾಗದಕ್ಕೆ ಇಳಿಯುತ್ತಿತ್ತು. ಸ್ಕ್ಯಾನ್ ಮಾಡಿದ ಪುಟವೂ ಕಂಪ್ಯೂಟರಿನ ಪಾಲಿಗೆ ಹಾಗೆಯೇ: ನಮಗೆ ಅಕ್ಷರ, ಅದಕ್ಕೆ ಬರೀ ಚಿತ್ರ. ಒಂದು ಪದವನ್ನು ಹುಡುಕು ಎಂದರೆ ಅದಕ್ಕೆ ಪದವೆಂಬುದೇ ಕಾಣುವುದಿಲ್ಲ. ಇದಕ್ಕಿಂತ ಕಿರಿಕಿರಿಯದು ನಡುವಿನ ಕಾಲದ ಕಡತಗಳು. ಪ್ರತಿ ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ನಮ್ಮ ಮೇಷ್ಟ್ರೊಬ್ಬರು ಹದಿನೈದು ವರ್ಷಗಳ ಹಿಂದೆ ಟೈಪ್ ಮಾಡಿಸಿಟ್ಟಿದ್ದ ಪ್ರಬಂಧವನ್ನು ಪ್ರೀತಿಯಿಂದ ಮಿಂಚಂಚೆಯಲ್ಲಿ ಕಳಿಸಿದರು. ನಾನು ತೆರೆದರೆ ಇಡೀ ಪುಟ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಆವರಣಗಳ ಚೆಲ್ಲಾಪಿಲ್ಲಿ. ಪರಿವರ್ತಕ ತಂತ್ರಾಂಶಕ್ಕೆ ಕೊಟ್ಟ ಮೇಲೆ ಕನ್ನಡವಾಯಿತು, ಕೆಲವು ಒತ್ತಕ್ಷರಗಳನ್ನು ಮಾತ್ರ ಕೈಯಿಂದ ತಿದ್ದಬೇಕಾಯಿತು. ನಿಮಗೂ ಇಂಥದ್ದು ಎದುರಾದರೆ ಕಂಪ್ಯೂಟರ್ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ.

ಯಾವುದನ್ನು ಓದಬಹುದು ಎಂಬುದಕ್ಕೂ ಒಂದು ಮಾತು, ಏಕೆಂದರೆ ವಾಟ್ಸ್ಯಾಪ್ ಗುಂಪುಗಳಲ್ಲಿ ಹರಿದಾಡುವ ಪಿಡಿಎಫ್‌ಗಳ ಬಗ್ಗೆಯೂ ನೀವು ಕೇಳಿದ್ದೀರಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಕೃತಿಸ್ವಾಮ್ಯವಿರುತ್ತದೆ. ಈ ಲೆಕ್ಕದಲ್ಲಿ ಕರಾವಳಿಯವರು ಅದೃಷ್ಟವಂತರು: 1901ರಲ್ಲಿ ತೀರಿಕೊಂಡ ನಂದಳಿಕೆಯ ಮುದ್ದಣ, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈ, ಈ ಮೂವರೂ ಬದುಕಿದ್ದಾಗ ಪ್ರಕಟವಾದ ಬರಹಗಳು ಈಗ ಎಲ್ಲರ ಸೊತ್ತು, ಗೋವಿಂದ ಪೈಗಳದ್ದು 2024ರ ಜನವರಿ 1ರಿಂದ. ಕೋಟದ ಕಾರಂತರು ತೀರಿಕೊಂಡದ್ದು 1997ರಲ್ಲಿ. ಅವರ ಪುಸ್ತಕಗಳನ್ನು 2057 ಮುಗಿಯುವವರೆಗೆ ದುಡ್ಡು ಕೊಟ್ಟೋ ಗ್ರಂಥಾಲಯದಿಂದ ತಂದೋ ಓದಬೇಕು. ಗುಂಪಿನಲ್ಲಿ ಬಂದ ಪಿಡಿಎಫ್ ಓದಿದರೆ ಯಾರಿಗೆ ನಷ್ಟ ಎಂದು ಗೆಳೆಯರು ವಾದಿಸುತ್ತಾರೆ. ಕನ್ನಡದ ಪ್ರಕಾಶಕರ ಸ್ಥಿತಿ ನೋಡಿದರೆ ಆ ವಾದ ನನಗೆ ಒಪ್ಪಿಗೆಯಾಗುವುದಿಲ್ಲ.

ಕಂಪ್ಯೂಟರಿನಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿರುವುದು ಮಾತ್ರ ನಾನು ನಿರೀಕ್ಷಿಸದೇ ಇದ್ದ ಎರಡು ಸಂಗತಿಗಳು. ಒಂದು ನಿಘಂಟು. 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿಗೆ 1,700ಕ್ಕೂ ಹೆಚ್ಚು ಪುಟಗಳಿವೆ. ಕಾಗದದ ಪ್ರತಿಯನ್ನು ಹಾಸಿಗೆಯಲ್ಲಿ ಮಲಗಿ ಎತ್ತಿ ಹಿಡಿದು ನೋಡುವುದು ಸಾಧ್ಯವೇ ಇಲ್ಲ. ಈಗ ಪರದೆಯ ಒಂದು ಬದಿಯಲ್ಲಿ ಹಳೆಯ ಪುಸ್ತಕ, ಇನ್ನೊಂದು ಬದಿಯಲ್ಲಿ ನಿಘಂಟು ತೆರೆದಿಟ್ಟುಕೊಂಡರೆ, ಮೊದಲು ಅಂದಾಜಿನಲ್ಲಿ ದಾಟಿಬಿಡುತ್ತಿದ್ದ ಪದಗಳಲ್ಲಿ ನಿಲ್ಲುತ್ತೇನೆ. ಇನ್ನೊಂದು ಕನ್ನಡ ವಿಕಿಸೋರ್ಸ್, ಹಳೆಯ ಪುಸ್ತಕಗಳನ್ನು ಸ್ವಯಂಸೇವಕರು ಸೇರಿ ಪಠ್ಯವಾಗಿಸುವ ಉಚಿತ ಜಾಲತಾಣ. ಅಲ್ಲಿ ಹಳೆಯ ಪುಸ್ತಕದ ಪುಟದ ಚಿತ್ರ ಒಂದು ಕಡೆ, ಯಂತ್ರ ಓದಿ ಕೊಟ್ಟ ಪಠ್ಯ ಇನ್ನೊಂದು ಕಡೆ ಇರುತ್ತವೆ; ನಾವು ತಾಳೆ ನೋಡಿ ತಿದ್ದಬೇಕು. ಒಬ್ಬರು ತಿದ್ದಿದರೆ ಪುಟದ ಗುರುತು ಹಳದಿಯಾಗುತ್ತದೆ, ಎರಡನೆಯವರು ಪರಿಶೀಲಿಸಿದರೆ ಹಸಿರು. ನನ್ನ ಮೊದಲ ಪುಟದಲ್ಲಿ ಯಂತ್ರ ಎಲ್ಲ ‘ಧರ್ಮ’ವನ್ನೂ ‘ದರ್ಮ’ ಎಂದು ಓದಿತ್ತು, ಅದಕ್ಕೂ ಹೊಟ್ಟೆಯ ಸೀಳು ಕಂಡಿರಲಿಲ್ಲ. ಒಂದು ಪುಟಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಇಷ್ಟು ನಿಧಾನವಾಗಿ ನಾನು ಯಾವ ಪುಸ್ತಕವನ್ನೂ ಎಂದೂ ಓದಿರಲಿಲ್ಲ.

ತಿದ್ದಲು ಕನ್ನಡ ಟೈಪಿಂಗ್ ಬರಬೇಕಲ್ಲ. ಇಂಗ್ಲಿಷಿನಲ್ಲಿ ಬರೆದು ಕನ್ನಡವಾಗಿಸುವ ಫೋನಿನ ಅಭ್ಯಾಸವನ್ನು ಬಿಟ್ಟು, ಮಂಗಳೂರಿನ ಪಕ್ಕದ ಕಿನ್ನಿಕಂಬಳ ಮೂಲದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕಲಿಯಿರಿ. ಸರಕಾರ ಒಪ್ಪಿಕೊಂಡಿರುವುದೂ ಅದನ್ನೇ ಆಧರಿಸಿದ ವಿನ್ಯಾಸವನ್ನು. ಅದರ ತರ್ಕ ಸರಳ: ವ್ಯಂಜನ ಒತ್ತಿ, ‘ಎಫ್’ ಕೀಲಿ ಒತ್ತಿ, ಮುಂದಿನ ವ್ಯಂಜನ ಒತ್ತಿದರೆ ಅದು ಒತ್ತಕ್ಷರವಾಗುತ್ತದೆ. ನನಗೆ ಕೈ ಕೂರಲು ಹತ್ತು ದಿನ ಬೇಕಾಯಿತು.

ಈಗ ನಿಮ್ಮ ಅಂಜಿಕೆಗೆ ಬರುತ್ತೇನೆ. ಅದು ಸುಳ್ಳಲ್ಲ. ಮೊದಲ ತಿಂಗಳು ನಾನು ಓದಲೆಂದು ಕುಳಿತು ಕ್ರಿಕೆಟ್ ಸ್ಕೋರು, ಯಕ್ಷಗಾನದ ವಿಡಿಯೊ, ಇನ್ನೊಂದು ಲ್ಯಾಪ್‌ಟಾಪಿನ ಬೆಲೆ (ಕೊಂಡ ಮೇಲೂ ಬೆಲೆ ನೋಡುವ ಚಟ ಬಿಡುವುದಿಲ್ಲ) ನೋಡುತ್ತ ರಾತ್ರಿ ಹನ್ನೊಂದು ಮಾಡಿದ್ದೇನೆ. ‘ಓದ್ತೇನೆ ಅಂತ ಹೇಳಿ ಎಂಥ ನಗಾಡುವುದು ಮಾರಾಯ ನೀನು?’ ಎಂದು ಅಮ್ಮ ಒಳಗಿನಿಂದ ಕೇಳಿದ್ದೂ ಇದೆ. ಕೊನೆಗೆ ನಾನು ಮಾಡಿದ್ದು ಇಷ್ಟು: ಅದೇ ಲ್ಯಾಪ್‌ಟಾಪಿನಲ್ಲಿ ‘ಓದು’ ಎಂಬ ಹೆಸರಿನ ಇನ್ನೊಂದು ಬಳಕೆದಾರ ಖಾತೆ ತೆರೆದೆ. ಅದರಲ್ಲಿ ಮಿಂಚಂಚೆಯಿಲ್ಲ, ಬ್ರೌಸರಿನಲ್ಲಿ ಯಾವುದಕ್ಕೂ ಲಾಗಿನ್ ಆಗಿಲ್ಲ. ಪುಸ್ತಕಗಳ ಕಡತ ಮತ್ತು ನಿಘಂಟು ಮಾತ್ರ ಇವೆ. ಫೋನಿನ ಹಾಟ್‌ಸ್ಪಾಟ್ ಬಂದ್ ಮಾಡಿ, ಫೋನನ್ನು ಚಾವಡಿಯಲ್ಲಿಟ್ಟು ಬರುತ್ತೇನೆ. ಎದ್ದು ಹೋಗಿ ತರಬೇಕೆಂಬ ಸೋಮಾರಿತನ ಇಲ್ಲಿ ಉಪಕಾರಕ್ಕೆ ಬರುತ್ತದೆ.

ನಮ್ಮ ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾರ್ತೆಲಿನ (ಜೂನ್-ಜುಲೈ ಹೊತ್ತಿನ ತುಳು ತಿಂಗಳಿನ) ಮಳೆಗೆ ಕಪಾಟಿನ ಪುಸ್ತಕಗಳ ಬೆನ್ನಿನ ಮೇಲೆ ಬಿಳಿ ಬೂಷ್ಟು ಹಿಡಿಯುವ ಈ ತೇವದಲ್ಲಿ ಲ್ಯಾಪ್‌ಟಾಪನ್ನು ವಾರಗಟ್ಟಲೆ ಚೀಲದಲ್ಲಿ ಮುಚ್ಚಿಡಬಾರದು. ದಿನಾ ಸ್ವಲ್ಪ ಹೊತ್ತು ಚಾಲೂ ಮಾಡಿದರೆ ಅದರ ಬಿಸಿಗೇ ಒಳಗಿನ ತೇವ ಕಡಿಮೆಯಾಗುತ್ತದೆ. ಮಳೆಗಾಲಕ್ಕೆ ಮುಂಚೆಯೂ ಅದು ಹಿಂದಿರುಗುವಾಗಲೂ ಸಿಡಿಲಿನ ಕಾಟವಿರುವುದರಿಂದ ಗುಡುಗು ಕೇಳಿದೊಡನೆ ಚಾರ್ಜರನ್ನು ಪ್ಲಗ್ಗಿನಿಂದಲೇ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು. ಕರೆಂಟು ಹೋದ ರಾತ್ರಿಗಳಿಗೆ 50 ವ್ಯಾಟ್-ಅವರ್ ಆಸುಪಾಸಿನ ಬ್ಯಾಟರಿ ಇರುವುದನ್ನೇ ಆರಿಸಿ. ಬೆಳಕು ತಗ್ಗಿಸಿ ಬರೀ ಓದುವಾಗ ಯಂತ್ರ ಏಳೆಂಟು ವ್ಯಾಟ್ ಎಳೆದರೆ ಆರು ಗಂಟೆಗೆ ಮೋಸವಿಲ್ಲ. ಕಳೆದ ಜುಲೈಯಲ್ಲಿ ಮರ ಬಿದ್ದು ಎರಡು ರಾತ್ರಿ ಕರೆಂಟಿಲ್ಲದಿದ್ದಾಗ ಮೊದಲ ರಾತ್ರಿ ಪಂಜೆಯವರನ್ನು ಓದಿದ್ದು ಹೀಗೆಯೇ. ಎರಡನೆಯ ರಾತ್ರಿ ಬ್ಯಾಟರಿಯೂ ಮುಗಿದು, ಕ್ಯಾಂಡಲ್ ಹಚ್ಚಿಕೊಂಡು ಬಸ್ಸಿನ ಪುಸ್ತಕಕ್ಕೆ ಹಿಂದಿರುಗಿದೆ.

ಕೊಳ್ಳಲು ಹೋಗುವ ದಿನ ಪೆನ್‌ಡ್ರೈವಿನಲ್ಲಿ ಎರಡು ಕಡತಗಳನ್ನು ಇಟ್ಟುಕೊಂಡು ಹೋಗಿ: ಸಣ್ಣ ಅಕ್ಷರದ ಹಳೆಯ ಪುಸ್ತಕವೊಂದರ ಸ್ಕ್ಯಾನ್ ಪುಟ, ಮತ್ತು ಒತ್ತಕ್ಷರಗಳು ಹೇರಳವಾಗಿರುವ ಒಂದು ಯೂನಿಕೋಡ್ ಪಠ್ಯ. ನಿಮಗೆ ಹಿಡಿಸಿದ ಯಂತ್ರದಲ್ಲಿ ಎರಡನ್ನೂ ತೆರೆಸಿ, ಪುಟವನ್ನು ಇಡಿಯಾಗಿ ಪರದೆಗೆ ಹೊಂದಿಸಿ, ಒಂದು ಪ್ಯಾರಾವನ್ನು ನಿಂತಲ್ಲೇ ಓದಿ ನೋಡಿ. ಆಮೇಲೆ ಅಂಗಡಿಯ ದೀಪದ ಕೆಳಗಿನಿಂದ ಬಾಗಿಲಿನ ಬೆಳಕಿಗೆ ತಂದು ಇನ್ನೊಮ್ಮೆ ಓದಿ. ನಾನು ಹೀಗೆ ಮಾಡುವಾಗ ಅಂಗಡಿಯವರು ನಕ್ಕರು, ಆದರೆ ನಾಲ್ಕನೆಯ ಯಂತ್ರ ತೋರಿಸುವ ಹೊತ್ತಿಗೆ ಅವರೇ ಬಗ್ಗಿ ‘ಇದರಲ್ಲಿ ಧ ಸರಿ ಕಾಣುತ್ತದೆ ನೋಡಿ’ ಎಂದರು. ಅದನ್ನೇ ಕೊಂಡೆ.