ದಿನ ತುಂಬುವ ಮೊದಲೇ ಹುಟ್ಟಿದ ಮಗು ಹಾಲು ಚೀಪುತ್ತಿಲ್ಲ, ಆಸ್ಟಿಯೋಪತಿ ಮಾಡಿಸಬೇಕಾ?

ಪೆರ್ಲದಿಂದ ಕೇಳಿದ್ದೀರಿ. 31 ವಾರಕ್ಕೆ ಹುಟ್ಟಿದ ಮಗಳಿಗೆ ಈಗ ಗರ್ಭದ ಲೆಕ್ಕದಲ್ಲಿ 33 ವಾರ. ಇನ್ನೂ ಟ್ಯೂಬಿನಲ್ಲೇ ಹಾಲು, ಎದೆಗೆ ಹಿಡಿದರೆ ಎರಡು ಸಲ ಚೀಪಿ ನಿದ್ದೆ ಹೋಗುತ್ತಾಳೆ. ದುಬೈಯಲ್ಲಿರುವ ಅತ್ತಿಗೆ ಆಸ್ಟಿಯೋಪತಿ ಮಾಡಿಸಿ ಅಂದಿದ್ದಾರೆ, ಮಂಗಳೂರಿನಲ್ಲಿ ಯಾರನ್ನಾದರೂ ಹುಡುಕಬೇಕಾ ಅಂತ ನಿಮ್ಮ ಪ್ರಶ್ನೆ. ನಾನು ಬದಿಯಡ್ಕ ಕಡೆಯವಳು, ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ನರ್ಸ್. ಸದ್ಯಕ್ಕೆ ಹುಡುಕಬೇಡಿ ಅಂತಲೇ ಹೇಳುತ್ತೇನೆ.

33 ವಾರಕ್ಕೆ ಸರಿಯಾಗಿ ಚೀಪದಿರುವುದು ರೋಗವಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಂದಕ್ಕೊಂದು ಹೊಂದಿಕೊಂಡರೆ ಮಾತ್ರ ಹಾಲು ಹೊಟ್ಟೆಗೆ ಹೋಗುತ್ತದೆ. ಈ ಹೊಂದಾಣಿಕೆ ಸಾಮಾನ್ಯವಾಗಿ 34 ವಾರದ ಹೊತ್ತಿಗೆ ಬರುತ್ತದೆ. ಅದಕ್ಕೇ 32ರಿಂದ 34 ವಾರದ ಮಕ್ಕಳಿಗೆ ಒಳಲೆಯಲ್ಲೋ ಚಮಚದಲ್ಲೋ ಹಾಲು ಕೊಟ್ಟು ನೋಡುತ್ತೇವೆ, ಆಮೇಲೆ ಪೂರ್ತಿ ಎದೆಹಾಲಿಗೆ ಬಿಡುತ್ತೇವೆ. ನಿಮ್ಮ ಮಗಳು ಎರಡು ಸಲ ಚೀಪುತ್ತಾಳಲ್ವಾ, ಅದು ಒಳ್ಳೆಯ ಲಕ್ಷಣ.

ಆಸ್ಟಿಯೋಪತಿ ಎಂದರೆ ಕೈಯಿಂದ ತುಂಬಾ ಹಗುರವಾಗಿ ಮುಟ್ಟಿ ಮಾಡುವ ಚಿಕಿತ್ಸೆ. ತಲೆಬುರುಡೆಯ ಬುಡದಲ್ಲಿ ನಾಲಿಗೆಯ ನರ ಹಾದುಹೋಗುತ್ತದೆ, ಅಲ್ಲಿ ಬಿಗಿತವಿದ್ದರೆ ಚೀಪಲು ಕಷ್ಟ, ಅದನ್ನು ಸಡಿಲಿಸುತ್ತೇವೆ ಅಂತ ಅವರು ಹೇಳುತ್ತಾರೆ. ಈ ವಾದಕ್ಕೆ ಗಟ್ಟಿ ಪುರಾವೆ ಇಲ್ಲ. ಇಟಲಿಯಲ್ಲಿ ದಿನ ತುಂಬದೆ ಹುಟ್ಟಿದ 695 ಮಕ್ಕಳ ಮೇಲೆ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಈ ಚಿಕಿತ್ಸೆ ಪಡೆದ ಮಕ್ಕಳು ಸರಾಸರಿ ಸುಮಾರು ನಾಲ್ಕು ದಿನ ಮೊದಲೇ ಮನೆಗೆ ಹೋದರು. ಆದರೆ ತೂಕ ಏರುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೂ ನಡೆದದ್ದು ಆಸ್ಪತ್ರೆಯೊಳಗೆ, ಉಳಿದ ಎಲ್ಲ ಆರೈಕೆಯ ಜೊತೆಗೆ. ಅದನ್ನು ನಂಬಿ ಮಗುವನ್ನು ಹೊರಗಿನ ಕ್ಲಿನಿಕ್‌ಗೆ ಒಯ್ಯುವುದು ಬೇರೆಯೇ ಮಾತು. ಅಷ್ಟು ಚಿಕ್ಕ ಮಗುವಿಗೆ ದಾರಿಯ ಚಳಿ, ಸೋಂಕು ಎರಡೂ ಅಪಾಯ. ಮುಂದೆ ಯಾವಾಗಲಾದರೂ ಮಾಡಿಸಲೇಬೇಕು ಅನಿಸಿದರೆ ಮಗುವಿನ ಡಾಕ್ಟರ ಒಪ್ಪಿಗೆ ಪಡೆಯಿರಿ. ಮಾಡುವವರು ಇಷ್ಟು ಸಣ್ಣ ಮಕ್ಕಳ ಜೊತೆ ಕೆಲಸ ಮಾಡಿದವರೇ ಅಂತ ಕೇಳಿ.

ಈಗ ಮಾಡಬೇಕಾದ್ದು ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದು, ಅಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋಗಿತ್ತು. ಮಗುವನ್ನು ಬರಿ ಎದೆಗೆ ಅಂಟಿಸಿ ಇಟ್ಟುಕೊಳ್ಳುವುದು ಅಷ್ಟೇ. ದಿನಕ್ಕೆ 8 ಗಂಟೆಗಿಂತ ಜಾಸ್ತಿ ಆದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಹೊತ್ತು ಒಬ್ಬರಿಂದಲೇ ಆಗುವುದಿಲ್ಲ. ನೀವೂ ಅಂಗಿ ಬಿಚ್ಚಿ ಕೂರಿ, ಅಪ್ಪನ ಎದೆಯೂ ಬೆಚ್ಚಗೇ ಇರುತ್ತದೆ! ನಮ್ಮ ಕಡೆ ಗಂಡಸರು ನಾಚಿಕೊಂಡು ಹೊರಗೆ ನಿಲ್ಲುವುದನ್ನು ನೋಡಿ ನನಗೆ ಬೇಜಾರಾಗುತ್ತದೆ.

ನಿಮ್ಮ ಹೆಂಡತಿ ರಾತ್ರಿಯೂ ಸೇರಿಸಿ ದಿನಕ್ಕೆ ಎಂಟು ಸಲವಾದರೂ ಹಾಲು ಹಿಂಡಿ ತೆಗೆಯಲಿ. ಹಾಲು ಬತ್ತಿದರೆ ಮಗು ಚೀಪಲು ಕಲಿತೂ ಪ್ರಯೋಜನವಿಲ್ಲ. ಟ್ಯೂಬಿನಲ್ಲಿ ಹಾಲು ಹೋಗುತ್ತಿರುವಾಗ, ಹಿಂಡಿ ಖಾಲಿಯಾದ ಎದೆಗೆ ಮಗುವನ್ನು ಹಿಡಿಯಲು ನರ್ಸನ್ನು ಕೇಳಿ. ಹಾಲು ಕಡಿಮೆ ಇರುವುದರಿಂದ ಉಸಿರು ಕಟ್ಟುವ ಭಯ ಕಡಿಮೆ, ಬಾಯಿಗೆ ಅಭ್ಯಾಸವಾಗುತ್ತದೆ, ಹೊಟ್ಟೆ ತುಂಬುವುದಕ್ಕೂ ಚೀಪುವುದಕ್ಕೂ ನಂಟು ಬೆಳೆಯುತ್ತದೆ. ಕೆನ್ನೆ, ತುಟಿ, ಒಸಡುಗಳನ್ನು ಬೆರಳಿನಿಂದ ಮೆಲ್ಲಗೆ ತೀಡುವ ಒಂದು ವ್ಯಾಯಾಮವೂ ಇದೆ. ಅದನ್ನು ಥೆರಪಿಸ್ಟ್ ಅಥವಾ ನರ್ಸ್ ಎದುರಲ್ಲೇ ಕಲಿಯಿರಿ, ವಿಡಿಯೋ ನೋಡಿ ಮಾಡಬೇಡಿ. ಕುಡಿಯುವಾಗ ತುಟಿ ನೀಲಿಯಾದರೆ ಅಥವಾ ಉಸಿರು ನಿಂತಂತಾದರೆ ತಕ್ಷಣ ನಿಲ್ಲಿಸಿ ಕರೆಯಿರಿ.

ಮನೆಗೆ ಬಂದ ಮೇಲೆ ಮೀಯಿಸುವವರು ತಲೆ ಒತ್ತಿ ಉರುಟು ಮಾಡಲು ಬರುತ್ತಾರೆ. ಬಿಡಬೇಡಿ. ಬಜೆ ತೇದು, ಜೇನು ನೆಕ್ಕಿಸುವುದೂ ಬೇಡ. ಅಜ್ಜಿಗೆ ಬೇಸರವಾದರೆ ಡಾಕ್ಟರ ಹೆಸರು ಹೇಳಿ.

ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. 34 ವಾರಕ್ಕೆ ಮೊದಲು ಹುಟ್ಟಿದ ಮಗುವಿಗೆ, ಹುಟ್ಟಿ 30 ದಿನದೊಳಗೆ ಕಣ್ಣಿನ ರೆಟಿನಾ (ಕಣ್ಣಿನ ಹಿಂಭಾಗದ ಒಳಪರದೆ) ಪರೀಕ್ಷೆ ಆಗಲೇಬೇಕು. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ತಪ್ಪಿಹೋಗುವುದುಂಟು. ತಾರೀಕು ಇವತ್ತೇ ಕೇಳಿ ಬರೆಸಿಕೊಳ್ಳಿ.