ಬ್ರೋಫಿಯ ಕಣ್ಣಿಂದ ಬರೆಯಿರಿ

ಪ್ರಿಯರೇ,

ಕೆನಡಾದ ವಾಯುಪಡೆಯ ಗನ್ನರ್ ಆಂಡ್ರ್ಯೂ ಮಿನಾರ್ಸ್ಕಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ. ಹ್ಯಾಮಿಲ್ಟನ್‌ನ ಮ್ಯೂಸಿಯಂನಲ್ಲಿ ಲ್ಯಾಂಕಾಸ್ಟರ್ ಬಾಂಬರ್ ನೋಡಿ, ಅದಕ್ಕೆ ಯಾರ ಹೆಸರಿಟ್ಟಿದ್ದಾರೆ ಅಂತ ಹುಡುಕಿಕೊಂಡು ಹೋದಿರಲ್ಲ, ಅದು ನನಗೆ ತುಂಬ ಹಿಡಿಸಿತು.

ಒಂದು ತಪ್ಪು ಮೊದಲೇ ಹೇಳಿಬಿಡುತ್ತೇನೆ. ಮಿನಾರ್ಸ್ಕಿ ಹಾರಿದ ವಿಮಾನವನ್ನೇ ಮುಟ್ಟಿ ಬಂದೆ ಎಂದು ಬರೆದಿದ್ದೀರಿ. ಅದು ಅವನ ವಿಮಾನವಲ್ಲ. ಅವನದು ಫ್ರಾನ್ಸ್‌ನಲ್ಲಿ ಬಿದ್ದು ನುಚ್ಚುನೂರಾಯಿತು. ನೀವು ನೋಡಿದ್ದು ಅವನ ನೆನಪಿಗಾಗಿ ಅದೇ ಗುರುತಿನ ಅಕ್ಷರಗಳನ್ನು ಬರೆಸಿದ ಬೇರೆ ಲ್ಯಾಂಕಾಸ್ಟರ್.

ಮೊದಲ ಎರಡು ಪುಟ ಪೂರ್ತಿ ಎರಡನೇ ಮಹಾಯುದ್ಧದ ಪಾಠ. ತೆಗೆದುಬಿಡಿ. 1944ರ ಜೂನ್ 12ರ ರಾತ್ರಿ, ಮಿತ್ರಪಡೆ ನಾರ್ಮಂಡಿಯಲ್ಲಿ ಇಳಿದು ಇನ್ನೂ ವಾರ ಕಳೆದಿಲ್ಲ. ಫ್ರಾನ್ಸಿನ ಕಾಂಬ್ರೆಯ ರೈಲು ಯಾರ್ಡ್ ಮೇಲೆ ಬಾಂಬ್ ಹಾಕಲು ಮಿನಾರ್ಸ್ಕಿ ಸೇರಿ ಏಳು ಜನ ಹೊರಟಿದ್ದಾರೆ. ಇಷ್ಟು ಹೇಳಿದರೆ ಸಾಕು.

ಜರ್ಮನ್ ಫೈಟರ್‌ನ ಏಟಿಗೆ ಎಡಗಡೆಯ ಎರಡೂ ಎಂಜಿನ್ ನಿಂತವು. ಬೆಂಕಿ ಹತ್ತಿತು. ಎಲ್ಲರೂ ಹಾರಿ ಎಂದು ಪೈಲಟ್ ಹೇಳಿದ. ಬಾಲದ ಗನ್ನರ್ ಪ್ಯಾಟ್ ಬ್ರೋಫಿ ವಿಮಾನದ ಹಿಂತುದಿಯ ತನ್ನ ಗನ್ ಗೂಡಿನಲ್ಲೇ ಸಿಕ್ಕಿಬಿದ್ದಿದ್ದ. ಮಿನಾರ್ಸ್ಕಿ ಹಾರಿಬಿಡಬಹುದಿತ್ತು. ಹಾರಲಿಲ್ಲ, ಬೆಂಕಿಯೊಳಗೆ ತೆವಳಿ ಹೋದ. ಕೊಡಲಿಯಿಂದ ಮೀಟಿದ, ಬರಿಗೈಯಿಂದ ಎಳೆದ. ಅವನ ಬಟ್ಟೆಗೂ ಪ್ಯಾರಾಚೂಟಿಗೂ ಬೆಂಕಿ ಹತ್ತಿತು. ಹೋಗು ಎಂದು ಬ್ರೋಫಿಯೇ ಕೈ ಬೀಸಿದ. ಮಿನಾರ್ಸ್ಕಿ ಬಾಗಿಲಲ್ಲಿ ನಿಂತು ಅವನಿಗೆ ಸೆಲ್ಯೂಟ್ ಹೊಡೆದು, ಆಮೇಲೆ ಹಾರಿದ. ಸುಟ್ಟ ಗಾಯಗಳಿಂದ ತೀರಿಕೊಂಡ. ವಯಸ್ಸು 27. ಏಳು ಜನರಲ್ಲಿ ಸತ್ತವನು ಅವನೊಬ್ಬನೇ. ಬಾಂಬ್ ಹೊತ್ತ ವಿಮಾನದ ಜೊತೆಗೇ ನೆಲಕ್ಕೆ ಬಿದ್ದ ಬ್ರೋಫಿ ಬದುಕಿಕೊಂಡ!

ಇಷ್ಟು ದೊಡ್ಡ ಸಂಗತಿಗೆ ನೀವು ಕೊಟ್ಟಿರುವುದು ಒಂದು ಪ್ಯಾರಾ. ಅದರಲ್ಲೂ ಅರ್ಧ ವೀರ, ಧೀರ, ಅಮರ ಎಂಬ ಹೊಗಳಿಕೆ. ಬ್ರೋಫಿಗಂತೂ ಒಂದೇ ವಾಕ್ಯ. ಉಳಿದ ಐವರು ಇದನ್ನು ಕಂಡಿರಲಿಲ್ಲ. ಬ್ರೋಫಿ ಬದುಕಿ ಬಂದು ಹೇಳಿದ್ದರಿಂದಲೇ 1946ರಲ್ಲಿ ಮಿನಾರ್ಸ್ಕಿಗೆ ಶೌರ್ಯಕ್ಕೆ ಬ್ರಿಟನ್ ಕೊಡುವ ಅತ್ಯುನ್ನತ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಸತ್ತವರು 55,573 ಜನ. ಅವರಲ್ಲಿ ಎಷ್ಟೋ ಜನರ ಕೊನೆಯ ನಿಮಿಷ ಕಂಡವರೇ ಇಲ್ಲ. ನಿಮ್ಮ ಲೇಖನದ ಜೀವ ಇರುವುದು ಇಲ್ಲೇ ಅಲ್ವಾ?

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. 'ಹಾರುವಾಗ ಅವನ ಮನಸ್ಸಿನಲ್ಲಿ ತಾಯ್ನಾಡೇ ತುಂಬಿತ್ತು' ಎಂದಿದ್ದೀರಿ. ನಿಮಗೆ ಯಾರು ಹೇಳಿದರು? ಸತ್ತವನ ತಲೆಯೊಳಗೆ ನಮ್ಮ ಮಾತು ತುರುಕಬಾರದು. ಬ್ರೋಫಿ ಕಂಡಿದ್ದು ಬೇಕಾದಷ್ಟಿದೆ. ಗದ್ದಲದಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ಆದರೂ ಮಿನಾರ್ಸ್ಕಿ 'ಗುಡ್ ನೈಟ್, ಸರ್' ಅಂದ ಎಂದು ಅವನಿಗೆ ಗೊತ್ತಾಯಿತು. ಮಿನಾರ್ಸ್ಕಿ ಗೆಳೆಯನಿಗೆ ತಮಾಷೆಗೆ ಹೇಳುತ್ತಿದ್ದ ಮಾತದು. ಇದರ ಮುಂದೆ ನಿಮ್ಮ ತಾಯ್ನಾಡಿನ ವಾಕ್ಯ ನಿಲ್ಲುವುದಿಲ್ಲ.

ವಿನ್ನಿಪೆಗ್‌ನ ಬಾಲ್ಯ, ಪೋಲೆಂಡಿನಿಂದ ಬಂದ ಅಪ್ಪ ಅಮ್ಮ, ಚರ್ಮದ ಕೆಲಸ, ಇವೆಲ್ಲ ಚೆನ್ನಾಗಿವೆ. ಉಳಿಸಿಕೊಳ್ಳಿ. ಆದರೆ ಬ್ರೋಫಿ ಗೂಡಿನಲ್ಲಿ ಸಿಕ್ಕಿಬಿದ್ದ ಕ್ಷಣದಿಂದ ಶುರು ಮಾಡಿ, ಅವನ್ನು ನಡುನಡುವೆ ತನ್ನಿ. ಫ್ರಾನ್ಸಿನ ಮೆಹಾರಿಕೂರ್‌ನಲ್ಲಿರುವ ಮಿನಾರ್ಸ್ಕಿಯ ಸಮಾಧಿಯ ವಿಷಯಕ್ಕೆ ಎರಡು ಸಾಲು ಸಾಕು. ಈಗಿರುವುದರ ಅರ್ಧದಷ್ಟು ಉದ್ದಕ್ಕೆ ಇಳಿಸಿ ಮತ್ತೆ ಕಳಿಸಿ. ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ